ಮಾವ, ಅಳಿಯ ಮತ್ತು ಕಚ್ಚಿಕೊಂಡ ಚಕ್

"ಒಂದು ಲೇತ್ ಮೆಷಿನ್ ಆರಿಸೋದು ಏನು ಮಹಾ ವಿದ್ಯೆ? ದಿನಾ ಬೆಳಗಾದ್ರೆ ಜನರ ಕಣ್ಣಿಗೆ ಗಾಜು ಆರಿಸಿಕೊಡೋನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಹಿಡಿದುಬಿಡ್ತೀನಿ. ಮನೆಗೊಂದು ಕಾರ್ಖಾನೆ ಮಾಡೋದು ನನ್ನ ಎಡಗೈ ಕೆಲಸ," ಎಂದು ಅಳಿಯ ಎದೆಯುಬ್ಬಿಸಿಕೊಂಡು ಹೆಂಡತಿಗೆ ಹೇಳಿದ.

ಅವನದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಇಟ್ಟು "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳಿ ಕೇಳಿ ಅದು ಅವನ ನಾಲಿಗೆಗೆ ಅಂಟಿಬಿಟ್ಟಿತ್ತು. ಬೆಳಗ್ಗೆ ಅಂಗಿ ಹಾಕಿಕೊಳ್ಳುವಾಗಲೂ ಎರಡನ್ನು ಎತ್ತಿ ಹಿಡಿದು ಹೆಂಡತಿಗೆ ಅದೇ ಪ್ರಶ್ನೆ. ಅವಳು ಹೈಸ್ಕೂಲಿನಲ್ಲಿ ಆಟದ ಟೀಚರ್. ನೂರಾರು ಮಕ್ಕಳನ್ನು ಒಂದು ಸೀಟಿಯಲ್ಲಿ ಸಾಲಾಗಿ ನಿಲ್ಲಿಸಬಲ್ಲವಳು. ಆದರೆ ಮನೆಯಲ್ಲಿದ್ದ ಇಬ್ಬರು ಗಂಡಸರನ್ನು ಎದುರುಬದುರು ಕೂರಿಸಿ ಮಾತಾಡಿಸುವುದು ಮಾತ್ರ ಅವಳ ಕೈಯಲ್ಲಿ ಆಗಿರಲಿಲ್ಲ.

ಆ ಇಬ್ಬರಲ್ಲಿ ಒಬ್ಬ ಈ ಅಳಿಯ. ಇನ್ನೊಬ್ಬರು ಅವಳ ತಂದೆ, ಅಂದರೆ ಇವನ ಮಾವ. ನ್ಯಾಯಾಲಯದಲ್ಲಿ ಬೆಂಚ್ ಗುಮಾಸ್ತರಾಗಿದ್ದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಬಂದಂದಿನಿಂದ ಮನೆಯಲ್ಲಿ ಒಂದೇ ಒಂದು ಜಗಳವಾಗಿರಲಿಲ್ಲ. ಆಗಿದ್ದರೆ ಎಷ್ಟೋ ವಾಸಿಯಿತ್ತು. ಮಾವ ಅಳಿಯನನ್ನು 'ಅಳಿಯಂದಿರು' ಎಂದೇ ಕರೆಯುತ್ತಿದ್ದರು, ಅದೂ ಮಗಳ ಮೂಲಕ.

"ಅಳಿಯಂದಿರಿಗೆ ಉಪ್ಪು ಬೇಕೇನೋ ವಿಚಾರಿಸಮ್ಮ."

ಉಪ್ಪಿನ ಡಬ್ಬಿ ಅವರ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಅಳಿಯ ಕೂತಿರುತ್ತಿದ್ದದ್ದು ಒಂದು ಗೇಣು ದೂರದಲ್ಲಿ.

"ಸಾಕು ಅಂತ ಹೇಳು ಮಾವನಿಗೆ," ಎನ್ನುತ್ತಿದ್ದ ಅವನು.

ಶಾಲೆಯ ಮಕ್ಕಳನ್ನು ಕರೆದುಕೊಂಡು ಅವಳು ಪರ ಊರಿನ ಪಂದ್ಯಕ್ಕೆ ಹೋದಾಗಲಂತೂ ಮನೆಯಲ್ಲಿ ಕೆಮ್ಮು, ಮುಗುಳ್ನಗೆ ಇವೆರಡೇ ಭಾಷೆ. ದಿನಪತ್ರಿಕೆಯನ್ನು ಅರ್ಧರ್ಧ ಹಂಚಿಕೊಂಡು ಇಬ್ಬರೂ ಅದರ ಹಿಂದೆ ಅಡಗಿಕೊಳ್ಳುತ್ತಿದ್ದರು. ತನ್ನ ಅರ್ಧ ಓದಿ ಮುಗಿದ ಮೇಲೂ ಅಳಿಯ ಅದನ್ನು ಕೆಳಗಿಳಿಸುತ್ತಿರಲಿಲ್ಲ. ಇಳಿಸಿದರೆ ಮಾತಾಡಬೇಕಲ್ಲ.

ಹೀಗಿರುವಾಗ ಒಂದು ಸಂಜೆ ಹೆಂಡತಿ ಪಾತ್ರೆ ತೊಳೆಯುತ್ತ ದನಿ ತಗ್ಗಿಸಿ ಹೇಳಿದಳು. "ರೀ, ಅಪ್ಪನಿಗೆ ಚಿಕ್ಕಂದಿನಿಂದ ಮರಗೆಲಸ ಅಂದ್ರೆ ಪ್ರಾಣ. ಬಾಯಿಬಿಟ್ಟು ಕೇಳೋ ಸ್ವಭಾವ ಅಲ್ಲ ಅವರದು. ಹಿಂದಿನ ಶೆಡ್ಡು ಖಾಲಿ ಬಿದ್ದಿದೆ. ನಾಲ್ಕು ಮೆಷಿನ್ ತಂದು ಹಾಕಿ, ನೀವೂ ಜೊತೆಗೆ ನಿಂತ್ರೆ ಅವರ ಮನಸ್ಸು ಸ್ವಲ್ಪ ಹಗುರ ಆಗುತ್ತೇನೋ."

ಅಳಿಯನ ಎದೆ ಉಬ್ಬಿದ್ದು ಆಗಲೇ. ಮರದ ತುಂಡಿನಲ್ಲಿ ತಲೆ ಯಾವುದು ಬುಡ ಯಾವುದು ಎಂದು ತಿಳಿಯದಿದ್ದರೂ, ಹೆಂಡತಿ ಇಷ್ಟು ನಂಬಿ ಕೇಳಿದಳಲ್ಲ ಎಂಬ ಖುಷಿಗೆ ಒಪ್ಪಿಕೊಂಡ.

ರಜಾದಿನ ಮಾವ ಅಳಿಯ ಇಬ್ಬರೂ ಮೆಷಿನ್ ಅಂಗಡಿಗೆ ಹೊರಟರು. "ನನಗೆ ಪಂದ್ಯ ಇದೆ," ಎಂದು ಅವಳು ನುಣುಚಿಕೊಂಡಳು. ಅಂಗಡಿಯಲ್ಲಿ ಹಸಿರು ಬಣ್ಣದ ಮೆಷಿನ್‌ಗಳು ಎಣ್ಣೆ ವಾಸನೆ ಹೊಡೆಯುತ್ತ ಸಾಲಾಗಿ ನಿಂತಿದ್ದವು. ಮಗಳಿಲ್ಲದ ಕೊರತೆಯನ್ನು ಅಂಗಡಿಯವನೇ ತುಂಬಬೇಕಾಯಿತು.

"ಮಾವನಿಗೆ ಯಾವ ಗರಗಸ ಹಿಡಿಸ್ತು ಅಂತ ಕೇಳಿ. ಇದಾ, ಇದಾ?"

"ಎರಡೂ ಕಡೆಯ ವಾದ ಕೇಳದೆ ಹೇಗೆ ಹೇಳೋದು? ಅಳಿಯಂದಿರ ಅಭಿಪ್ರಾಯ ಮೊದಲು ದಾಖಲಾಗಲಿ."

ಟೇಬಲ್ ಟೆನಿಸ್ ನೋಡುವವನಂತೆ ಅತ್ತಿತ್ತ ಕತ್ತು ತಿರುಗಿಸಿ ಅಂಗಡಿಯವನಿಗೆ ಸುಸ್ತಾಯಿತು. ಕೊನೆಗೆ ಅವನು, "ಸಾರ್, ಅಷ್ಟಕ್ಕೂ ಏನು ಮಾಡ್ಬೇಕು ಅಂತಿದ್ದೀರಿ? ಕುರ್ಚಿ ಕಾಲಾ, ಬಟ್ಟಲಾ, ಆಟಿಕೆಯಾ?" ಎಂದ.

ಇಬ್ಬರೂ ತಬ್ಬಿಬ್ಬಾದರು. "ಅವರು ಹೇಳ್ತಾರೆ," ಎಂದು ಮಾವ ಅಳಿಯನ ಕಡೆಗೂ, ಅಳಿಯ ಮಾವನ ಕಡೆಗೂ ಕೈ ತೋರಿಸಿದರು. ಯಾರೂ ಏನೂ ಹೇಳದಿದ್ದರಿಂದ ಇವರಿಗೆ ಎಲ್ಲವನ್ನೂ ಮಾಡುವ ಆಸೆಯಿದೆ ಎಂದು ಅಂಗಡಿಯವನು ತೀರ್ಮಾನಿಸಿದ. ಗರಗಸದ ಮೆಷಿನ್, ತೂತು ಕೊರೆಯುವ ಮೆಷಿನ್, ಮರ ನುಣುಪು ಮಾಡುವ ಮೆಷಿನ್, ಇವುಗಳ ಹಿಂದೆ ಪಟ್ಟದಾನೆಯಂತೆ, ಮರವನ್ನು ಗಿರಗಿರನೆ ತಿರುಗಿಸಿ ಕಡೆಯುವ ಒಂದು ಲೇತ್, ಎಲ್ಲವೂ ನಿಗದಿಯಾದವು.

ತಕರಾರು ಬಂದದ್ದು ಚಕ್‌ನಲ್ಲಿ. ಲೇತಿನ ಮೂತಿಗೆ ತಿರುಪಿ ಕೂರಿಸಿ, ತಿರುಗುವ ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗೆ ಚಕ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಕೀಲಿ ತಿರುಗಿಸಿದರೆ ನಾಲ್ಕೂ ಹಲ್ಲು ಒಟ್ಟಿಗೆ ಮುಂದೆ ಬಂದು ಮರವನ್ನು ನಟ್ಟನಡುವೆ ಹಿಡಿಯುತ್ತವೆ. ಇನ್ನೊಂದರಲ್ಲಿ ಪ್ರತಿ ಹಲ್ಲನ್ನೂ ಬೇರೆಬೇರೆಯಾಗಿ ಬಿಗಿಯಬೇಕು. ತಾಳ್ಮೆ ಬೇಕು, ಆದರೆ ಸೊಟ್ಟ ಮರವನ್ನೂ ಹಿಡಿಯುತ್ತದೆ. ಪ್ರತಿಯೊಬ್ಬರ ಹೇಳಿಕೆಯನ್ನೂ ಪ್ರತ್ಯೇಕವಾಗಿ ಪಡೆಯುವುದೇ ಸರಿಯೆನ್ನಿಸಿ ಮಾವನ ಕಣ್ಣು ಎರಡನೆಯದರ ಮೇಲೆ ಬಿತ್ತು. ಅಳಿಯನಿಗೆ ಒಂದೇ ತಿರುವಿಗೆ ಕೆಲಸ ಮುಗಿಸುವ ಮೊದಲನೆಯದು ಹಿಡಿಸಿತು. ಆದರೆ ಮರ್ಯಾದಸ್ಥರು ನೋಡಿ, ಮಾವನಿಗೆ ಇಷ್ಟವಾದದ್ದೇ ಆಗಲಿ ಎಂದು ಅಳಿಯ, ಅಳಿಯಂದಿರಿಗೆ ಒಪ್ಪಿಗೆಯಾದದ್ದೇ ಇರಲಿ ಎಂದು ಮಾವ, ಇಬ್ಬರೂ ಪಟ್ಟುಹಿಡಿದರು. ಕೊನೆಗೆ ತೀರ್ಪು ಕಾಯ್ದಿರಿಸಿ, ಚಕ್ ಇಲ್ಲದೆಯೇ ಲೇತನ್ನು ಮನೆಗೆ ತಂದರು.

ಮೆಷಿನ್‌ಗಳೆಲ್ಲ ಶೆಡ್ಡು ಸೇರಿದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಅಳಿಯ ಬೇಗ ಅಂಗಡಿ ಮುಚ್ಚಿ ಬಂದ. ಕೈಯಲ್ಲೊಂದು ಭಾರದ ಪೊಟ್ಟಣ. ಮಾವ ಮೆಚ್ಚಿದ್ದ, ಹಲ್ಲುಗಳನ್ನು ಬೇರೆಬೇರೆಯಾಗಿ ಬಿಗಿಯುವ ಚಕ್ಕನ್ನೇ ಗುಟ್ಟಾಗಿ ಬೇರೆ ಕಡೆಯಿಂದ ತರಿಸಿದ್ದ. ಶೆಡ್ಡಿಗೆ ಹೋಗಿ ನೋಡಿದರೆ ಮಾವ ಅಲ್ಲೇ ಇದ್ದಾರೆ, ಅವರ ಕೈಯಲ್ಲೂ ಒಂದು ಪೊಟ್ಟಣ. ಅದರಲ್ಲಿ ಅಳಿಯ ಮೆಚ್ಚಿದ್ದ ಚಕ್. ಇಬ್ಬರೂ ಕೆಮ್ಮಿದರು, ಮುಗುಳ್ನಕ್ಕರು. ಆ ಗಳಿಗೆಯಲ್ಲಿ ಏನಾದರೂ ಹೇಳಬೇಕೆಂದು ಅಳಿಯನಿಗೆ ಬಹಳ ಅನ್ನಿಸಿತು. ಹೇಳಿಸಲು ಹೆಂಡತಿ ಇರಲಿಲ್ಲ.

ಮೊದಲು ಮಾವನಿಗೆಂದು ತಾನು ತಂದ ಚಕ್ಕೇ ಕೂರಲಿ ಎಂದು ಅವನು ಅದನ್ನು ಎತ್ತಿ ಲೇತಿನ ಮೂತಿಗೆ ತಿರುಪಿದ. ಎರಡು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಮೂರನೆಯದಕ್ಕೆ ಕಿರ್ರ್ ಎಂದಿತು. ಹೊಸದಲ್ಲವೇ, ಬಿಗಿ ಇರುತ್ತದೆ ಎಂದುಕೊಂಡು ಬಲ ಹಾಕಿದ. ಚಕ್ ಅಲ್ಲೇ ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಲೇತಿನ ತಿರುಪಿನ ಗೆರೆ, ಅಂದರೆ ಥ್ರೆಡ್ಡೇ ಬೇರೆ, ಚಕ್ಕಿನ ಥ್ರೆಡ್ಡೇ ಬೇರೆ. ಕೊಳ್ಳುವಾಗ ಲೇತ್ ಮಾರಿದವನನ್ನು ಕೇಳಬೇಕಿತ್ತು ನಿಜ, ಕೇಳಿದ್ದರೆ ಅವನ ಬಾಯಿಂದ ಗುಟ್ಟು ರಟ್ಟಾಗುತ್ತಿತ್ತು. ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣಿಗೆ ಅಷ್ಟು ದೊಡ್ಡ ಥ್ರೆಡ್ಡಿನ ವ್ಯತ್ಯಾಸ ಕಂಡಿರಲೇ ಇಲ್ಲ.

ಎಣ್ಣೆ ಬಿಟ್ಟರು. ಬಿಸಿನೀರು ಸುರಿದರು. ಒದ್ದೆ ಬಟ್ಟೆ ಸುತ್ತಿ ತಿರುಚಿದರು. ಕೊನೆಗೆ ಚಕ್ಕಿನ ಹಲ್ಲುಗಳ ನಡುವೆ ಒಂದು ಉದ್ದದ ಕಬ್ಬಿಣದ ಪೈಪನ್ನು ಬಿಗಿದು, ಇಬ್ಬರೂ ಅದರ ತುದಿಗೆ ಜೋತುಬಿದ್ದರು. ಲೇತಿನ ಸ್ಟ್ಯಾಂಡನ್ನು ನೆಲಕ್ಕೆ ಬಿಗಿಯಬೇಕಾದ ಬೋಲ್ಟುಗಳು ಇನ್ನೂ ಕಾಗದದ ಪೊಟ್ಟಣದಲ್ಲೇ ಇದ್ದವು. ಚಕ್ ಮಿಸುಕಲಿಲ್ಲ. ಮಿಸುಕಿದ್ದು ಲೇತ್. ಪಟ್ಟದಾನೆ ತನ್ನ ಪೂರ್ತಿ ಭಾರದೊಂದಿಗೆ ಇಬ್ಬರ ಕಡೆಗೂ ವಾಲಿತು. ಸ್ಟ್ಯಾಂಡಿನ ಒಂದು ಕಾಲು ಒಳಕ್ಕೆ ಮಡಚಿಕೊಂಡಿತು. ಮಾವ ಎದೆಕೊಟ್ಟು ನಿಂತರು, ಅಳಿಯ ಭುಜ ಕೊಟ್ಟ. ಎತ್ತಿದರೆ ನಿಲ್ಲದು, ಇಳಿಸಿದರೆ ಕೆಳಗೆ ಇಬ್ಬರ ಪಾದಗಳಿವೆ.

"ಬಿಡೋ ಅದನ್ನ, ಬಿಡು ಅಂದೆ. ಕೈ ಹೋಗುತ್ತೆ ಕಣೋ ನಿಂದು."

ಹೇಳಿದವರು ಯಾರೆಂದು ತಿಳಿಯಲು ಅಳಿಯನಿಗೆ ಒಂದು ಕ್ಷಣ ಬೇಕಾಯಿತು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನು ಬಿಟ್ರೆ ನಿಮ್ಮ ಮೇಲೆ ಬೀಳುತ್ತೆ ಮಾವ."

"ಬಿದ್ರೆ ಬೀಳಲಿ. ನಾನು ಬಾಳಿ ಮುಗಿಸಿದವನು. ನೀನು ಹೊರಗೆ ಹೋಗು."

"ಹೋಗಲ್ಲ."

"ಹೇಳಿದ ಮಾತು ಕೇಳೋ ಅಭ್ಯಾಸವೇ ಇಲ್ವೇನೋ ನಿನಗೆ?"

"ಕೇಳೋಕೆ ನೀವು ಇಲ್ಲಿವರೆಗೆ ನನಗೆ ಏನು ಹೇಳಿದ್ದೀರಿ?"

ಬಾಯಿ ತಪ್ಪಿ ಬಂದ ಮಾತು. ಅಳಿಯ ನಾಲಿಗೆ ಕಚ್ಚಿಕೊಂಡ. ಮಾವನ ಮುಖ ಲೇತಿನ ಇನ್ನೊಂದು ತುದಿಯ ಮರೆಯಲ್ಲಿತ್ತು, ಕಾಣುತ್ತಿರಲಿಲ್ಲ.

"ಅದೂ ನಿಜವೇ," ಎಂದರು ಮಾವ. "ಕೋರ್ಟಿನಲ್ಲಿ ಬೇರೆಯವರು ಆಡಿದ್ದನ್ನ ಬರ್ಕೊಳ್ಳೋದೇ ನನ್ನ ಕೆಲಸ. ಮನೆಗೆ ಬಂದ್ರೆ ನಿಮ್ಮತ್ತೆ ಮಾತಾಡೋಳು, ನಾನು ತಲೆಯಾಡಿಸೋನು. ಅವಳು ಹೋದ ಮೇಲೆ ಗೊತ್ತಾಯ್ತು, ನನ್ನ ಹತ್ರ ನನ್ನದು ಅಂತ ಮಾತೇ ಇಲ್ಲ. ಇಷ್ಟು ವಯಸ್ಸಾದ ಮೇಲೆ ಎಲ್ಲಿಂದ ಶುರು ಮಾಡೋದಯ್ಯ?"

ಲೇತಿನ ಅಂಚು ಭುಜಕ್ಕೆ ಒತ್ತುತ್ತಿತ್ತು. ಅಳಿಯನಿಗೆ ಅದು ಮರೆತೇ ಹೋಯಿತು. "ನಾನು ಅಪ್ಪ ಇಲ್ಲದೆ ಬೆಳೆದೋನು ಮಾವ. ಮನೇಲಿ ಹಿರಿಯರು ಅಂತ ಇದ್ರೆ ಅವರ ಜೊತೆ ಏನು ಮಾತಾಡ್ಬೇಕು ಅಂತ ತಿಳಿಯಲ್ಲ. ಅಂಗಡಿಯಲ್ಲಾದ್ರೆ ಅಕ್ಷರ ಓದಿ ಅಂತೀನಿ. ಮನೇಲಿ ಹಾಗನ್ನೋಕಾಗುತ್ತಾ?"

ಮಾವ ಕಿಸಕ್ಕನೆ ನಕ್ಕರು. ಲೇತ್ ಅಲುಗಿತು.

"ನಗಿಸಬೇಡ ಕಣೋ, ಅಲ್ಲಾಡುತ್ತೆ. ಎಲ್ಲಾ ನಿನ್ನ ಈ ಮರಗೆಲಸದ ಹುಚ್ಚಿನಿಂದ ಆದದ್ದು."

"ನನ್ನ ಹುಚ್ಚಾ? ಹುಚ್ಚು ನಿಮ್ಮದಲ್ವಾ ಮಾವ? ಚಿಕ್ಕಂದಿನಿಂದ ಪ್ರಾಣವಂತೆ."

"ಯಾರು ಹೇಳಿದ್ದು? ನನಗೆ ಮರದ ಹೊಟ್ಟು ಕಂಡ್ರೆ ಸೀನು. ನಿನಗೆ ಅಂಗಡಿ ಕೆಲಸ ಬೇಸರ ಆಗಿದೆ, ಮರದಲ್ಲಿ ಏನಾದ್ರೂ ಮಾಡೋ ಆಸೆ ಇದೆ, ಒಂಟಿಯಾಗಿ ಮಾಡೋಕೆ ಸಂಕೋಚ ಪಡ್ತೀಯ, ನಾನೂ ಜೊತೆಗೆ ನಿಲ್ಲಬೇಕು ಅಂತ ನನ್ನ ಮಗಳು..."

ಮಾತು ಅರ್ಧಕ್ಕೇ ನಿಂತಿತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಬರಲಿ ಅವಳು," ಎಂದರು ಮಾವ. "ನೀನು ಆರೋಪ ಓದು. ನಾನು ಸಾಕ್ಷಿ ಹೇಳ್ತೀನಿ."

"ಇಬ್ಬರಿಗೂ ಸುಳ್ಳು ಹೇಳಿದ್ದಾಳೆ. ಸುಮ್ನೆ ಬಿಡಬಾರದು."

"ಯಾವ ಕಾರಣಕ್ಕೂ ಬಿಡಬಾರದು."

ಆ ಒಗ್ಗಟ್ಟಿನಲ್ಲಿ ಎಂಥದೋ ಹಿತವಿತ್ತು. ತೋಳು ಮರಗಟ್ಟುತ್ತಿದ್ದರೂ ಮಾತು ನಿಲ್ಲಲಿಲ್ಲ. ಮಾವ ಅತ್ತೆಯ ಮುಂಗೋಪದ ಕಥೆ ಹೇಳಿದರು. ಅಳಿಯ ಕನ್ನಡಕ ಹಾಕಿಕೊಂಡೇ ಕನ್ನಡಕ ಕಳೆದಿದೆ ಎಂದು ದೂರು ತಂದ ಗಿರಾಕಿಯ ಕಥೆ ಹೇಳಿದ. ಬಾಗಿಲ ಸಂದಿನ ಬಿಸಿಲು ನೆಲದಿಂದ ಗೋಡೆಗೆ ಏರಿತು. ಒಬ್ಬರು ದಣಿದಾಗ ಇನ್ನೊಬ್ಬರು "ನೀನು ಸ್ವಲ್ಪ ಉಸಿರು ತಗೋ, ನಾನು ಹಿಡ್ಕೋತೀನಿ", "ಈಗ ನೀವು ತಗೊಳ್ಳಿ ಮಾವ" ಎಂದು ಭಾರ ಬದಲಾಯಿಸಿಕೊಳ್ಳುತ್ತಿದ್ದರು. ಒಬ್ಬ ಮನುಷ್ಯನ ಜೀವ ಇನ್ನೊಬ್ಬನ ತೋಳಿನಲ್ಲಿರುವುದು ಎಂದರೆ ಇದೇ ಇರಬೇಕು ಎಂದು ಅಳಿಯನಿಗೆ ಅನ್ನಿಸಿ, ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಆಗ ಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಖಾಲಿ ಲೋಟ. ಬಗ್ಗಿ ಲೇತಿನ ಕೆಳಗೊಮ್ಮೆ ನೋಡಿದಳು.

"ಇಬ್ಬರೂ ಕೈ ಬಿಡಿ," ಎಂದಳು.

"ಹುಚ್ಚಾ ನಿನಗೆ? ಅಪ್ಪನ ಮೇಲೆ ಬೀಳುತ್ತೆ," ಎಂದ ಅಳಿಯ.

"ಅಳಿಯನ ಮೇಲೆ ಬೀಳುತ್ತಮ್ಮ," ಎಂದರು ಮಾವ.

"ಬಿಡಿ ಅಂದೆ."

ಮಕ್ಕಳನ್ನು ಸಾಲಾಗಿ ನಿಲ್ಲಿಸುವ ದನಿ ಅದು. ಇಬ್ಬರೂ ಕಣ್ಣುಮುಚ್ಚಿ ಕೈಬಿಟ್ಟು ಹಿಂದಕ್ಕೆ ಹಾರಿದರು. ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಲೇತ್ ವಾಲಿದ್ದಲ್ಲೇ ವಾಲಿಕೊಂಡು ತಣ್ಣಗೆ ನಿಂತಿದೆ. ಅದನ್ನು ತುಂಬಿ ತಂದಿದ್ದ ದಪ್ಪ ಹಲಗೆಯ ಪೆಟ್ಟಿಗೆ ಪಕ್ಕದಲ್ಲೇ ಬಿದ್ದಿತ್ತು. ಅದರ ಅಂಚಿನ ಮೇಲೆ ಲೇತಿನ ಹೊಟ್ಟೆ ಆರಾಮವಾಗಿ ಕೂತಿತ್ತು. ಇವರಿಬ್ಬರೂ ಅಷ್ಟು ಹೊತ್ತು ಹೊತ್ತುಕೊಂಡು ನಿಂತಿದ್ದು ಪೆಟ್ಟಿಗೆ ಆಗಲೇ ಹೊತ್ತಿದ್ದ ಭಾರವನ್ನು.

ಅಳಿಯನಿಗೆ ಸಿದ್ಧವಾಗಿದ್ದ ಆರೋಪಪಟ್ಟಿಯ ಒಂದು ಅಕ್ಷರವೂ ನೆನಪಾಗಲಿಲ್ಲ. "ನೀನು ಬಂದು ಎಷ್ಟು ಹೊತ್ತಾಯ್ತು?" ಎಂದ, ಭುಜ ನೀವಿಕೊಳ್ಳುತ್ತ.

"ಆಗಲೇ ಬಂದೆ. ಸದ್ದು ಕೇಳಿ ಗಾಬರಿಯಿಂದ ಓಡಿಬಂದು ಕಿಟಕೀಲಿ ನೋಡ್ತೀನಿ, ಲೇತ್ ಪೆಟ್ಟಿಗೆ ಮೇಲೆ ಕೂತಿದೆ, ಅಪ್ಪ ನಿಮ್ಮನ್ನ ಬೈತಿದ್ದಾರೆ. ಅಪ್ಪ ಮನೆಯವರನ್ನ ಬಿಟ್ಟು ಬೇರೆ ಯಾರನ್ನೂ ಬೈಯಲ್ಲ. ಒಳಗೆ ಹೋಗಿ ಚಹಾ ಮಾಡ್ಕೊಂಡು ಬಂದು ಹೊರಗಡೆ ಮೆಟ್ಟಿಲ ಮೇಲೆ ಕೂತೆ."

"ನಾವಿಲ್ಲಿ ಸಾಯ್ತಾ ಇದ್ರೂ?" ಎಂದರು ಮಾವ.

"ನಗ್ತಾ ಇದ್ರಲ್ಲಪ್ಪ."

"ಮತ್ತೆ ಈಗ್ಯಾಕೆ ಬಂದೆ?" ಎಂದ ಅಳಿಯ.

ಅವಳು ಲೋಟವನ್ನು ತಲೆಕೆಳಗು ಮಾಡಿ ತೋರಿಸಿದಳು.

"ಚಹಾ ಮುಗೀತು."