ಎಣ್ಣೆ ಬಿಟ್ಟ ತಪ್ಪಿಗೆ

ತೊಂದರೆ ಶುರುವಾದದ್ದು ನಾಲ್ಕು ಹನಿ ಎಣ್ಣೆಯಿಂದ. ಮೂರನೆಯ ಮಹಡಿಯ ರೆಕಾರ್ಡಿಂಗ್ ಕೋಣೆಯಲ್ಲಿ ಬಹಳ ಕಾಲದಿಂದ ಕಿರ್ ಕಿರ್ ಎನ್ನುತ್ತಿದ್ದ ಫ್ಯಾನಿಗೆ ಅಲ್ಲಿನ ರೆಕಾರ್ಡಿಂಗ್ ನೌಕರ ಬೆಳಿಗ್ಗೆ ಬೇಗ ಬಂದು ಎಣ್ಣೆ ಬಿಟ್ಟ. ಸೊಳ್ಳೆ ಹಾಡಿದರೂ ಕೆಲಸ ನಿಲ್ಲಿಸಿ ಎಲ್ಲರನ್ನೂ ದುರುಗುಟ್ಟಿ ನೋಡುವ ಅವನನ್ನು ಕಟ್ಟಡದವರು ನಿಶ್ಶಬ್ದಪ್ಪ ಎಂದೇ ಕರೆಯುತ್ತಿದ್ದರು. ಆ ದಿನ ಹಾಡಲು ಬರುವುದು ಕಂಪನಿಯ ಯಜಮಾನರ ಮಗಳ ಬ್ಯಾಂಡು. "ಅವಳೇನಾದ್ರೂ ಮುಖ ಊದಿಸ್ಕೊಂಡು ಮನೆಗೆ ಬಂದ್ರೆ, ನಾಳೆಯಿಂದ ನೀನು ಬರಬೇಡ" ಎಂದು ಯಜಮಾನರು ಹಿಂದಿನ ದಿನವೇ ಹೇಳಿದ್ದರು. ಎಣ್ಣೆ ಬಿದ್ದದ್ದು ಆ ಹೆದರಿಕೆಗೆ.

ಗಿಟಾರು ಹೊತ್ತು, ಇಬ್ಬರು ಗೆಳೆಯರೊಂದಿಗೆ ಬಂದ ಮಗಳು ಮೊದಲು ತಲೆ ಎತ್ತಿ ಮೇಲೆ ನೋಡಿದಳು.

"ಅಂಕಲ್, ಫ್ಯಾನ್ ಕಿರ್ ಅಂತಿತ್ತಲ್ಲ, ಏನಾಯ್ತು?"

"ಸರಿ ಮಾಡ್ಬಿಟ್ಟೆ ಕಣಮ್ಮ."

"ಅಯ್ಯೋ, ಅದಕ್ಕೋಸ್ಕರಾನೇ ನಾವು ಇಲ್ಲಿಗೆ ಬಂದಿದ್ದು."

ನಿಶ್ಶಬ್ದಪ್ಪ ಕಣ್ ಕಣ್ ಬಿಟ್ಟ. ಮಗಳು ಸ್ಟೂಲ್ ಎಳೆದು ಕೂತು ತಿಳಿಸಿ ಹೇಳಿದಳು.

"ನಮ್ಮದು ಇಂಡೀ ರಾಕ್ ಅಂಕಲ್. ಹಿಂದೆ ದೊಡ್ಡ ಕಂಪನಿಗಳು ಬೇಡ ಅಂದ ಹುಡುಗರು ಮನೇಲೇ ಹಾಡಿ, ಕ್ಯಾಸೆಟ್ ಮಾಡಿ, ತಾವೇ ಕೈಯಾರೆ ಹಂಚಿದ್ರು. ಯಾರ ಹಂಗೂ ಇಲ್ಲ. ಗೊರಗೊರ ಅಂತ ಕೇಳೋದು. ಜನಕ್ಕೆ ಅದೇ ಇಷ್ಟ ಆಯ್ತು. ಆಮೇಲೆ ಅದೇ ಕಂಪನಿಗಳು ಬಾಗಿಲಿಗೆ ಬಂದ್ವು. ಕೆಲವರು ಹೋದ್ರು. ಹೋದವರನ್ನ ಉಳಿದವರು ನಮ್ಮೋರಲ್ಲ ಅಂದ್ರು."

"ಹಂಗಾದ್ರೆ ಹಾಡು ಜನಕ್ಕೆ ಇಷ್ಟ ಆಗಬೇಕೋ, ಬೇಡ್ವೋ?"

"ಆಗಬೇಕು. ಜಾಸ್ತಿ ಆಗಬಾರ್ದು."

"ಅವರ ಥರ ನೀವೂ ಮನೇಲೇ ಮಾಡ್ಕೋಬಹುದಿತ್ತಲ್ಲಮ್ಮ?"

"ಈಗ ಫೋನಲ್ಲಿ ಹಿಡಿದ್ರೂ ತೊಳೆದಿಟ್ಟ ಹಾಗೆ ಬರತ್ತೆ ಅಂಕಲ್. ಗಲೀಜಾಗಿ ಬರಬೇಕು ಅಂದ್ರೆ ನಿಮ್ಮಂಥ ಅನುಭವಸ್ಥರೇ ಬೇಕು."

ನಿಶ್ಶಬ್ದಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಜೀವಮಾನವಿಡೀ ಸದ್ದು ಗುಡಿಸಿ ಹೊರಗೆ ಹಾಕಿದವನಿಗೆ ಈಗ ಅದನ್ನೇ ತಂದು ಸುರಿ ಎಂದರೆ ಏನು ಮಾಡಿಯಾನು? ಆದರೂ ಹೊಟ್ಟೆಪಾಡಿನ ಪ್ರಶ್ನೆ. ಫ್ಯಾನಿಗೆ ಧೂಳು ಎರಚಿದ. ಅದು ಧೂಳನ್ನೂ ನುಂಗಿಕೊಂಡು ತೆಪ್ಪಗೆ ತಿರುಗಿತು. ಕಿಟಕಿಗಳನ್ನು ತೆರೆದ.

ಆ ಕಿಟಕಿಗಳು ತೆರೆದದ್ದನ್ನು ಕಂಡರಿಯದ ಕೆಳಮನೆಯ ದರ್ಜಿ ಗಾಬರಿಯಾಗಿ ಓಡಿಬಂದ. ವಿಷಯ ತಿಳಿದ ಮೇಲೆ, "ಇಷ್ಟೇನಾ? ನನ್ನ ಮೆಷೀನು ಇರೋದು ಮತ್ಯಾಕೆ?" ಎಂದು ಹೊಲಿಗೆ ಯಂತ್ರವನ್ನು ಹೊತ್ತು ತಂದು ಟಕಟಕ ತುಳಿಯತೊಡಗಿದ. ಆ ಗದ್ದಲ ಕೇಳಿ, ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಬೈಯಲು ಬಂದರು. ಹುಡುಗರು ಸಂತೋಷದಿಂದ ಅವರ ಮುಂದೆ ಮೈಕು ಹಿಡಿದು, "ಬೈಯಿರಿ ಸಾರ್" ಎಂದರು. ಯಾರೂ ಕೇಳದೆಯೇ ಆಯುಷ್ಯವಿಡೀ ಬೈದ ಮನುಷ್ಯ, ಕೇಳಿದ ಕೂಡಲೇ ಬಾಯಿ ಒಣಗಿ ನೀರು ಬೇಡಿದರು.

ಸಂಜೆಯ ಹೊತ್ತಿಗೆ ಮಗಳ ಮುಖ ಊದಿತ್ತು.

"ಇದೆಲ್ಲ ಬೇಕಂತ ಮಾಡಿದ ಗಲೀಜು ಅಂಕಲ್. ಅದು ತಾನಾಗಿ ಆಗಬೇಕು."

"ತಾನಾಗಿ ಆಗೋದನ್ನ ನಾನು ಹೆಂಗಮ್ಮ ಮಾಡ್ಲಿ?"

ಉತ್ತರಕ್ಕೆ ಕಾಯದೆ ಹಾಡುವವರ ಗಾಜಿನ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಹೆಂಡತಿಗೆ ಫೋನು ಹಚ್ಚಿದ. ಎದುರಿಗಿದ್ದ ಮೈಕು ಚಾಲೂ ಇದೆ ಎಂಬುದು, ದಿನವೂ ಅದನ್ನು ಚಾಲೂ ಮಾಡುವವನಿಗೇ ಹೊಳೆಯಲಿಲ್ಲ.

"ನನ್ನ ಕೆಲಸ ಹೋಯ್ತು ಕಣೇ. ಚೆನ್ನಾಗಿ ಮಾಡಬೇಡ, ಕೆಟ್ಟದಾಗಿ ಮಾಡು ಅಂತಾರೆ. ಕೆಟ್ಟದಾಗಿ ಮಾಡಿದ್ರೆ ಅದನ್ನೂ ಚೆನ್ನಾಗಿ ಮಾಡ್ಲಿಲ್ಲ ಅಂತಾರೆ. ಆ ಯಜಮಾನನಿಗೋ, ಕಿವಿ ಇರೋದು ಕನ್ನಡಕ ಸಿಗಿಸೋಕೆ ಮಾತ್ರ." ಇಷ್ಟು ಹೇಳುವಷ್ಟರಲ್ಲಿ ದುಃಖ ಉಕ್ಕಿ ಬಂದು ಮೂಗು ಸೀಟಿದ.

ಹೊರಗೆ ಬಂದರೆ, ಮಗಳನ್ನು ಕರೆದೊಯ್ಯಲು ಬಂದ ಯಜಮಾನರು ಒಳಗಿನ ಮಾತೆಲ್ಲ ಕೇಳಿಸುವ ಸ್ಪೀಕರಿನ ಪಕ್ಕದಲ್ಲೇ, ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದರು.

"ಅಪ್ಪಾ, ನಮಗೆ ಬೇಕಾಗಿದ್ದು ಇದೇ," ಎಂದಳು ಮಗಳು. "ಮೂಗು ಸೀಟಿದ್ದೂ ಬಂದಿದೆ. ಇದರ ಹಿಂದೆ ಗಿಟಾರ್ ಹಾಕಿದ್ರೆ ಸಾಕು."

ಯಜಮಾನರು ಒಮ್ಮೆ ಮಗಳ ಅರಳಿದ ಮುಖ ನೋಡಿದರು, ಒಮ್ಮೆ ಇವನನ್ನು ನೋಡಿದರು. ಕೋಪ ನುಂಗಿಕೊಂಡು ಕನ್ನಡಕ ಹಾಕಿಕೊಂಡರು.

"ಹೋಗ್ಲಿ ಬಿಡು. ಮಗಳಿಗೆ ಹಿಡಿಸಿದೆ. ನಾಳೆಯಿಂದ ನೀನು ಇವಳ ಬ್ಯಾಂಡಲ್ಲೇ ಇರು. ದಿನಾ ಇದೇ ಹೊತ್ತಿಗೆ ಬಂದು ಬೈದು, ಅತ್ತು ಹೋಗು."

ದರ್ಜಿ ಕೈ ಕುಲುಕಿದ. ಹೆಡ್‌ಮಾಸ್ತರು ಬೆನ್ನು ತಟ್ಟಿದರು. ಹೋದ ಜೀವ ಬಂದಂತಾಗಿ ನಿಶ್ಶಬ್ದಪ್ಪ ಕೈಮುಗಿದ. "ಸಂಬಳ ಎಂದಿನಂತೆ ಒಂದನೇ ತಾರೀಕಿಗೇ ಅಲ್ವಾ ಸಾರ್?"

"ಸಂಬಳವಾ?" ಯಜಮಾನರು ಅಂದು ಮೊದಲ ಸಲ ನಕ್ಕರು. "ಅವರು ಯಾವ ಕಂಪನಿಯ ಹಂಗಿಗೂ ಬೀಳೋರಲ್ಲಪ್ಪ. ನಮ್ಮದೂ ಕಂಪನಿಯೇ ಅಲ್ವಾ? ನಾನು ದುಡ್ಡು ಕೊಟ್ರೆ ನಿನ್ನ ಅಳುವಿಗೆ ಬೆಲೆ ಎಲ್ಲಿ ಉಳಿಯತ್ತೆ?"

ಮಗಳು ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ನಿಶ್ಶಬ್ದಪ್ಪನ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಹೆಂಡತಿ.

"ಏನಾಯ್ತು ರೀ? ಕೆಲಸ ಹೋಯ್ತಾ, ಉಳೀತಾ?"

ನಿಶ್ಶಬ್ದಪ್ಪ ಈ ಸಲ ಮೈಕಿನಿಂದ ದೂರ ಸರಿದು ನಿಂತ.

"ಕೆಲಸ ಉಳೀತು ಕಣೇ. ಹೋಗಿದ್ದು ಸಂಬಳ."