ಆರುನೂರು ಪುಟಕ್ಕೆ ಔಟ್‌ಟರ್ನ್ ಎಷ್ಟು?

ಓದುವ ಚಟ ಇರುವವರ ಮನೆಯಲ್ಲಿ ಎಡವಟ್ಟುಗಳಿಗೆ ಬರ ಇರುವುದಿಲ್ಲ. ಅದರ ಜೊತೆಗೆ ಇಂಟರ್‌ನೆಟ್ಟೂ ಸೇರಿಕೊಂಡರೆ ಕೇಳುವುದೇ ಬೇಡ. ನಮ್ಮ ಮನೆಗೆ ಅದು ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಫೋನಿನ ವೈರಿನೊಳಗೇ ತೂರಿಕೊಂಡು. ಇವೆಲ್ಲ ಶುರುವಾದದ್ದು ಅಲ್ಲಿಂದ.

ಒಂದೇ ವೈರು

ಮದುವೆಯಾಗಿ ಮಲ್ಲಂದೂರಿನ ಈ ಎಸ್ಟೇಟಿಗೆ ಬಂದ ಹೊಸದರಲ್ಲಿ ನನಗೆ ಉಣ್ಣಲು ಉಡಲು ಏನೂ ಕೊರತೆ ಇರಲಿಲ್ಲ. ಓದಿದ ಪುಸ್ತಕದ ಬಗ್ಗೆ ಮಾತಾಡೋಣ ಎಂದರೆ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಗಂಡನಿಗೆ ಕಾದಂಬರಿಯ ಕಥೆ ಹೇಳಲು ಕೂತರೆ ಎರಡನೇ ಪಾತ್ರ ಬರುವಷ್ಟರಲ್ಲಿ ಗೊರಕೆ. ಮೂರನೇ ಪಾತ್ರವನ್ನು ನಾನು ಗೋಡೆಗೆ ಪರಿಚಯ ಮಾಡಿಸಿ ಮಲಗುತ್ತಿದ್ದೆ.

ಹಾಗಿರುವಾಗ ಇಂಟರ್‌ನೆಟ್ಟಿನಲ್ಲಿ ಕನ್ನಡ ಓದುಗರ ಬಳಗವೊಂದು ಸಿಕ್ಕಿತು. ತವರಿನಿಂದ ಕರೆಯಲು ಬಂದಷ್ಟು ಖುಷಿಯಾಯಿತು. ಎಲ್ಲೆಲ್ಲಿಯವರೋ ತಾವು ಓದಿದ್ದನ್ನು ಬರೆಯುತ್ತಿದ್ದರು, ಇದನ್ನು ಓದಿ, ಅದನ್ನು ಬಿಡಿ ಎನ್ನುತ್ತಿದ್ದರು. ಬಳಗದ ಉಸ್ತುವಾರಿ ಶಿವಮೊಗ್ಗದ ಒಬ್ಬ ನಿವೃತ್ತ ಮೇಷ್ಟರದು. ಅವರ ನಿಯಮ ಒಂದೇ. ಹೊಸದಾಗಿ ಸೇರುವವರು ಮೊದಲು ತಾವು ಓದಿದ ಒಂದು ಪುಸ್ತಕದ ಬಗ್ಗೆ ಬರೆಯಬೇಕು. ಬರೆಯುವವರೆಗೆ ಅವರ ಬೇರೆ ಒಂದು ಮಾತನ್ನೂ ಮೇಷ್ಟರು ಒಳಗೆ ಬಿಡುತ್ತಿರಲಿಲ್ಲ.

ತೊಂದರೆ ಏನೆಂದರೆ, ನಾನು ಬಳಗದಲ್ಲಿ ಕೂತಷ್ಟು ಹೊತ್ತೂ ಫೋನು ಎಂಗೇಜ್. ಸಂಜೆ ಏಳಕ್ಕೆ ಆಲ್ದೂರಿನ ಕಾಫಿ ವ್ಯಾಪಾರಿ ಫೋನ್ ಮಾಡಿ ಅವತ್ತಿನ ರೇಟ್ ಹೇಳಬೇಕು, ಅದನ್ನು ಕೇಳಿಯೇ ಮಾವ ಊಟಕ್ಕೆ ಏಳಬೇಕು. ಇದು ಈ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದ ಹಾಗೆ, ತಪ್ಪುವಂತಿಲ್ಲ. ಒಂದು ಸಂಜೆ ನಾನು ಮೈಮರೆತು ಯಾವುದೋ ಪುಸ್ತಕ ಹೊಗಳುತ್ತಾ ಕೂತು, ರೇಟ್ ತಪ್ಪಿತು. ಮಾವ ಕೂಗಾಡುವವರಲ್ಲ. ಬಂದರು, ಕಂಪ್ಯೂಟರಿನ ವೈರನ್ನು ಎರಡು ಬೆರಳಲ್ಲಿ ಎತ್ತಿ ಜಗ್ಗಿ ನೋಡಿದರು.

"ಗಟ್ಟಿ ಇದೆ. ಇನ್ನೊಂದು ಸಲ ರೇಟ್ ತಪ್ಪಿದ್ರೆ ಕಿತ್ತು ಕರು ಕಟ್ಟೋಕೆ ಹಾಕ್ತೀನಮ್ಮ."

ಅವತ್ತಿನಿಂದ ಕೊಟ್ಟಿಗೆಯ ಕರು ಅಂಬಾ ಎಂದರೂ ನನ್ನ ಎದೆ ಡವಗುಟ್ಟುತ್ತಿತ್ತು.

ಕಂಡಕ್ಟರಿಗೆ ಮೊದಲು

ಬಳಗದಲ್ಲಿ ಎಲ್ಲರೂ ಓದಲೇಬೇಕಾದ ಪುಸ್ತಕ ಎಂದು ಮೇಷ್ಟರು ಒಂದು ಕಾದಂಬರಿಯನ್ನು ಸದಾ ಹೊಗಳುತ್ತಿದ್ದರು. ಆರುನೂರು ಪುಟದ್ದು. ನಮ್ಮ ಕಡೆ ಎಲ್ಲೂ ಸಿಗಲಿಲ್ಲ ಎಂದು ಬರೆದೆ. ಪಾಪ, ತಮ್ಮ ಪ್ರತಿಯನ್ನೇ ಬಸ್ಸಿಗೆ ಕೊಟ್ಟು ಕಳಿಸಿದರು. ನಮ್ಮಲ್ಲಿ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟಿನಿಂದ ಹಿಡಿದು ಮದುವೆ ಸೀರೆಯವರೆಗೆ ಎಲ್ಲವೂ ಬರುವುದು ಹಾಗೆಯೇ. ಚಿಕ್ಕಮಗಳೂರಿನಲ್ಲಿ ನಮ್ಮೂರಿನ ಹಾಲ್ಟಿಂಗ್ ಬಸ್ಸಿನ ಕಂಡಕ್ಟರಿಗೆ ಕೊಟ್ಟರೆ, ಅವನು ರಾತ್ರಿ ಊರು ಮುಟ್ಟಿಸುತ್ತಾನೆ.

ಪುಸ್ತಕ ಮಾತ್ರ ಮುಟ್ಟಲಿಲ್ಲ. ಒಂದು ವಾರ ಆಯಿತು, ಎರಡಾಯಿತು. ಅಲ್ಲಿ ಮೇಷ್ಟರು ಹೇಗಿದೆ ಹೇಗಿದೆ ಎಂದು ಕೇಳುತ್ತಿದ್ದಾರೆ. ಕೊನೆಗೆ ನಾನೇ ಬಸ್ಸಿನ ಹತ್ತಿರ ಹೋಗಿ ವಿಚಾರಿಸಿದೆ. ಕಂಡಕ್ಟರು ನಾಚಿಕೆಪಡದೆ ಟಿಕೆಟ್ ಚೀಲದಿಂದ ಪುಸ್ತಕ ತೆಗೆದ. ಹಾಲ್ಟಿಂಗಿನಲ್ಲಿ ಹೊತ್ತು ಹೋಗುವುದಿಲ್ಲವಂತೆ. ಸುತ್ತಿದ ಪೇಪರು ಒಂದು ಮೂಲೆಯಲ್ಲಿ ಹರಿದಿತ್ತಂತೆ, ಹರಿದದ್ದರಲ್ಲಿ ನಾಲ್ಕು ಸಾಲು ಕಂಡಿತಂತೆ, ನಾಲ್ಕು ಸಾಲು ಓದಿದ ಮೇಲೆ ಮುಂದೇನಾಯಿತು ಎಂದು ನೋಡದೆ ಕೊಟ್ಟರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲವಂತೆ.

ನನಗೆ ಸಿಟ್ಟು ಬಂತು. ಆದರೂ ಅಷ್ಟು ದಪ್ಪ ಪುಸ್ತಕ ಓದಿದವನನ್ನು ಬೈಯಲು ನಾಲಿಗೆ ಏಳಲಿಲ್ಲ. ಪುಸ್ತಕ ಎದೆಗವಚಿಕೊಂಡು ಹೊರಟೆ. ಬಸ್ಸೂ ಹೊರಟಿತು. ಅವನು ಫುಟ್‌ಬೋರ್ಡಿನಿಂದ ಬಗ್ಗಿ, ಬಹಳ ಕಾಳಜಿಯಿಂದ ಒಂದು ಮಾತು ಹೇಳಿದ.

"ಅವನು ಸಾಯ್ತಾನೆ ಅಕ್ಕ. ಸುಮ್ನೆ ಆಸೆ ಇಟ್ಕೋಬೇಡಿ."

ಸಿಪ್ಪೆ ತೆಗೆದರೆ

ಕಥಾನಾಯಕನೇ ಸಾಯುತ್ತಾನೆಂದು ಗೊತ್ತಾದ ಮೇಲೆ ನನಗೆ ಓದುವ ಹುರುಪು ಉಳಿಯಲಿಲ್ಲ. ಹೇಗೋ ಮುಗಿಸಿದೆ. ಅಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಮಾವನಿಗೇ ಈ ರುಚಿ ಹತ್ತಿಸಿದರೆ ವೈರು ಉಳಿಯುತ್ತದಲ್ಲ? ಪುಸ್ತಕವನ್ನು ಜಗಲಿಯಲ್ಲಿ, ಅವರ ಕನ್ನಡಕದ ಪಕ್ಕ ಇಟ್ಟು ಬಂದೆ.

ಮಾವ ಓದಿದರು. ಕಣದಲ್ಲಿ ಕಾಫಿ ಒಣಗುವುದನ್ನು ಕಾಯುವಷ್ಟೇ ನಿಧಾನವಾಗಿ, ನಡುನಡುವೆ ತಿರುವಿ ಹಾಕುತ್ತಾ ಓದಿದರು. ಮುಗಿಸಿದ ದಿನ ಬಂದು, ನಿಮ್ಮ ಬಳಗದಲ್ಲಿ ನನ್ನದೂ ಒಂದು ಅಭಿಪ್ರಾಯ ಹಾಕು ಎಂದರು. ಒಂದು ಮೂಟೆ ಕಾಫಿ ಹಣ್ಣು ಒಣಗಿಸಿ ಸಿಪ್ಪೆ ಬಿಡಿಸಿದರೆ ಎಷ್ಟು ಬೀಜ ಕೈಗೆ ಬರುತ್ತದೋ ಅದಕ್ಕೆ ನಮ್ಮಲ್ಲಿ ಔಟ್‌ಟರ್ನ್ ಎನ್ನುತ್ತಾರೆ. ಮಾವನಿಗೆ ಲೋಕದಲ್ಲಿ ಬೇರೆ ಅಳತೆಯೇ ಇಲ್ಲ. ಭಾಷಣ, ಮದುವೆ ಊಟ, ನೆಂಟರ ಮಾತು, ಎಲ್ಲಕ್ಕೂ ಅದೇ.

"ಬರಿ. ಆರುನೂರು ಪುಟ. ಸಿಪ್ಪೆ ತೆಗೆದರೆ ನಲವತ್ತು. ಆ ನಲವತ್ತು ಒಳ್ಳೆ ಮಾಲು."

ಮೇಷ್ಟರ ಪ್ರಾಣದಂಥ ಪುಸ್ತಕ. ಸ್ವಲ್ಪ ಮೆತ್ತಗೆ ಬರೆಯಲೇ ಮಾವ ಎಂದು ಕೇಳಿದೆ. ನಲವತ್ತೊಂದು ಅಂತ ಬೇಕಾದರೆ ಹಾಕು ಎಂದರು. ಇದ್ದದ್ದನ್ನೇ ಹಾಕಿದೆ. ಎರಡು ದಿನ ಮೇಷ್ಟರ ಸುದ್ದಿ ಇಲ್ಲ. ಮಾವ ವೈರು ಕೀಳುವ ಮೊದಲು ಮೇಷ್ಟರೇ ನಮ್ಮಿಬ್ಬರನ್ನೂ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಮೂರನೆಯ ದಿನ ಬರೆದರು. ಯಾವ ನಲವತ್ತು ಎಂದು ಕೇಳಿದ್ದರು. ಮಾವ ಕೂತಲ್ಲೇ ಪುಟದ ನಂಬರು ಹೇಳಿದರು, ನಾನು ಕುಟ್ಟಿದೆ.

ಮೇಷ್ಟರ ಉತ್ತರ ಸಂಜೆಗೇ ಬಂತು. "ಇಡೀ ಸರ್ವಿಸ್ ಈ ಪುಸ್ತಕ ಪಾಠ ಮಾಡಿದೆ. ನಿಜ ಹೇಳಬೇಕೆಂದರೆ, ಮಾಡಿದ್ದು ಆ ನಲವತ್ತು ಪುಟವನ್ನೇ."

ಅಲ್ಲಿಂದ ಮಾವನ ಕಾಲ ಶುರುವಾಯಿತು. ನಾನು ಗಂಟೆಗಟ್ಟಲೆ ತಿದ್ದಿ ತೀಡಿ ಬರೆದದ್ದಕ್ಕೆ ಒಬ್ಬರು ಚೆನ್ನಾಗಿದೆ ಎಂದರೆ ಹೆಚ್ಚು. ಮಾವನ ಎರಡು ಸಾಲಿಗೆ ಬಳಗವೇ ಕಾದು ಕೂರುತ್ತಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕವಿಯೊಬ್ಬರು ತಮ್ಮ ಸಂಕಲನವನ್ನೇ ಬಸ್ಸಿಗೆ ಹಾಕಿ ಔಟ್‌ಟರ್ನ್ ಕೇಳಿದರು. ಮಾವ ಪೂರ್ತಿ ಓದಿ, ಕಾಯಿಯಲ್ಲೇ ಕುಯ್ದದ್ದು ಎಂದು ಬರೆಸಿದರು. ಕವಿಗಳು ಇನ್ನೂ ಹಣ್ಣಾಗುತ್ತಿದ್ದಾರೆ ಎಂದು ಕಾಣುತ್ತದೆ, ಸುದ್ದಿಯಿಲ್ಲ.

ರೇಟ್ ತಪ್ಪಿದ್ದು

ಆಗಬಾರದ್ದು ಆಗಿಯೇ ಹೋಯಿತು. ಒಂದು ಸಂಜೆ ಮಾವ ಅಭಿಪ್ರಾಯ ಹೇಳುತ್ತಾ ಹೇಳುತ್ತಾ ಏಳು ದಾಟಿ ಎಂಟಾಯಿತು. ಫೋನು ಎಂಗೇಜ್. ರೇಟ್ ತಪ್ಪಿತು. ನಾನು ಕೈ ಕಟ್ಟಿ ನಿಂತೆ. ಗಂಡ ತಟ್ಟೆ ನೋಡುತ್ತಾ ಕೂತರು. ಮಾವ ವೈರನ್ನು ನೋಡಿದರು, ಕಿಟಕಿಯಿಂದ ಕೊಟ್ಟಿಗೆಯನ್ನು ನೋಡಿದರು.

"ಕರುವಿಗೆ ಹಗ್ಗ ಇದೆಯಲ್ಲ," ಎಂದರು.

ಮಾರನೆಯ ಬೆಳಿಗ್ಗೆ ವ್ಯಾಪಾರಿ ಜೀಪು ಹತ್ತಿ ಖುದ್ದಾಗಿ ಬಂದ. ನಂಬರು ಒತ್ತಿ ಒತ್ತಿ ಬೆರಳು ಸವೆಯಿತು ಗೌಡ್ರೇ ಎಂದ. ಮಾವ ಸಮಾಧಾನವಾಗಿ, ನಿನ್ನ ಅಂಗಡಿಯಲ್ಲೂ ಕಂಪ್ಯೂಟರ್ ಇದೆಯಲ್ಲ ಮಾರಾಯ, ರೇಟನ್ನು ಬಳಗದಲ್ಲೇ ಬರಿ, ನಾನು ಹೇಗೂ ಅಲ್ಲೇ ಇರ್ತೀನಿ ಎಂದರು. ಮೇಲ್ ಕಳಿಸಿದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಮಾವನ ಲೆಕ್ಕದಲ್ಲಿ ಇಂಟರ್‌ನೆಟ್ ಅಂದರೆ ಬಳಗ, ಬಳಗ ಅಂದರೆ ಇಂಟರ್‌ನೆಟ್. ನಾನು ತಿದ್ದಲು ಹೋಗಲಿಲ್ಲ.

ವ್ಯಾಪಾರಿ ಬರೆದ. ಮೇಷ್ಟರು ತಡೆದರು. ತಾವು ಓದಿದ ಪುಸ್ತಕ ಯಾವುದು ಎಂದು ಕೇಳಿದರು. ಮರುದಿನ ಅವನು ಮತ್ತೆ ಜೀಪು ಹತ್ತಿ ಬಂದು, ತೆಳ್ಳಗಿನ ಪುಸ್ತಕ ಇದ್ದರೆ ಕೊಡಿ ಗೌಡ್ರೇ, ರೇಟ್ ಹೇಳಬೇಕು ಎಂದ. ತೆಳ್ಳಗಿನವನ್ನೆಲ್ಲ ಮಾವ ಔಟ್‌ಟರ್ನಿಗೆ ಹರಡಿಕೊಂಡಿದ್ದರು. ಆರುನೂರು ಪುಟದ್ದನ್ನೇ ಕೊಟ್ಟು ಕಳಿಸಿದರು.

ಅವನು ಅದರೊಳಗೆ ಮುಳುಗಿಹೋದ. ದಿನಗಳಾದರೂ ರೇಟ್ ಇಲ್ಲ. ನಾವೇ ಫೋನ್ ಮಾಡಿದರೆ ಹೆಂಡತಿ ಎತ್ತಿ, ಓದ್ತಾ ಇದಾರೆ, ಯಾರು ಕೂಗಿದರೂ ಓಗೊಡ್ತಿಲ್ಲ ಎಂದರು. ಗೋಡೌನಿನಲ್ಲಿ ಮಾವನ ಕಾಫಿ ಮಾರಲು ಕಾಯುತ್ತಿದೆ. ರೇಟ್ ಏರಿದೆ ಎಂದು ಒಬ್ಬರು, ಬಿದ್ದಿದೆ ಎಂದು ಇನ್ನೊಬ್ಬರು. ಮಾವನಿಗೆ ಊಟ ಸೇರದಾಯಿತು. ಒಂದು ರಾತ್ರಿ, ಎಲ್ಲಾ ಈ ವೈರಿನಿಂದ ಆದದ್ದು ಎಂದು ಗೊಣಗಿದರು. ಕೊಟ್ಟಿಗೆಯಲ್ಲಿ ಕರು ಅಂಬಾ ಎಂದಿತು.

ನನಗೆ ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಬಸ್ಸಿನ ಹತ್ತಿರ ಓಡಿದೆ. ಬಸ್ಸು ಚಿಕ್ಕಮಗಳೂರು ದಾಟಿ ಆಲ್ದೂರಿಗೂ ಹೋಗುತ್ತದೆ. ಕಂಡಕ್ಟರು ಹಲ್ಲುಜ್ಜುತ್ತಿದ್ದ. ಆಲ್ದೂರಿನ ಕಾಫಿ ವ್ಯಾಪಾರಿಗೆ ಒಂದು ಸಮಾಚಾರ ಮುಟ್ಟಿಸಬೇಕಪ್ಪ, ನನಗೆ ಅವತ್ತು ಹೇಳಿದೆಯಲ್ಲ, ಅದೇ, ಎಂದೆ. ಆಗಲಿ ಅಕ್ಕ ಎಂದ.

ಅವತ್ತು ಸಂಜೆ ಮಾವನೂ ನಾನೂ ಕಂಪ್ಯೂಟರಿನ ಮುಂದೆ ಕೂತೆವು. ಏಳಕ್ಕೆ ಸರಿಯಾಗಿ ಬಳಗದಲ್ಲಿ ಹೊಸ ಸದಸ್ಯರದ್ದು ಬಂತು. ಮೇಷ್ಟರು ಒಂದಕ್ಷರ ತಿದ್ದದೆ ಒಳಗೆ ಬಿಟ್ಟಿದ್ದರು.

"ಪುಸ್ತಕ ಓದಿದೆ. ಅವನು ಸಾಯುತ್ತಾನೆ. ಅರೇಬಿಕಾ ಸ್ವಲ್ಪ ಏರಿದೆ, ರೋಬಸ್ಟಾ ಇದ್ದಲ್ಲೇ ಇದೆ."

ಮಾವ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಊಟಕ್ಕೆ ಎದ್ದರು.

"ನೋಡಮ್ಮ," ಎಂದರು, "ಸಿಪ್ಪೆಯೇ ಇಲ್ಲ."