ಇಪ್ಪತ್ತು ನಿಮಿಷ, ಹಿಂದೋ ಮುಂದೋ

ಮಾನ್ಯ ಬಸ್ ನಿಲ್ದಾಣದ ಸೂಚನಾ ಫಲಕದವರೇ,

ಪಾರಿವಾಳಗಳ ಸಹವಾಸದಲ್ಲಿ ಎತ್ತರದ ಕಂಬವೇರಿ, ಹಗಲಿರುಳೆನ್ನದೆ ಕೆಂಪಕ್ಷರಗಳಲ್ಲಿ ಬೆಳಗುತ್ತ, ಕೆಳಗೆ ನಿಂತವರ ಕತ್ತು ನೋಯುವಷ್ಟು ಗೌರವ ಸಂಪಾದಿಸಿರುವ ತಮಗೆ ಈ ಹೈಸ್ಕೂಲು ಗಣಿತ ಮೇಷ್ಟ್ರ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ನನ್ನ ಕ್ಷೇಮದಲ್ಲಿ ಕಳೆದ ಭಾನುವಾರ ಸಂಜೆ ಸ್ವಲ್ಪ ಏರುಪೇರಾಯಿತು, ಅದನ್ನೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನನಗೊಬ್ಬಳು ಅಕ್ಕ. ಅಮ್ಮನ ಹೊಲಿಗೆ ಯಂತ್ರ ಯಾರ ಮನೆಗೆ ಹೋಗಬೇಕೆಂಬ ವಿಷಯದಲ್ಲಿ, ಇಬ್ಬರಿಗೂ ಗುಂಡಿ ಹೊಲಿಯಲು ಸಹ ಬಾರದಿದ್ದರೂ, ಮಾತು ಬಿಟ್ಟು ವರ್ಷಗಳಾಗಿದ್ದವು. ನಮ್ಮ ನಡುವಿನ ಅಂತರ ಎಷ್ಟೆಂದು ನೆಂಟರಿಗೆಲ್ಲ ಗೊತ್ತಿತ್ತು. ಯಾರು ಯಾವ ಕಡೆಗೆ ಹೆಜ್ಜೆ ಇಡಬೇಕೆಂಬುದೊಂದೇ ಇತ್ಯರ್ಥವಾಗಿರಲಿಲ್ಲ. ಕೊನೆಗೆ ಅವಳೇ ನನ್ನ ಹೆಂಡತಿಗೆ ಫೋನು ಮಾಡಿ, "ಭಾನುವಾರ ಆರು ಗಂಟೆ ಬಸ್ಸಲ್ಲಿ ನಿಮ್ಮೂರು ದಾಟಿ ಹೋಗ್ತೀನಿ. ಅವನು ನಿಲ್ದಾಣಕ್ಕೆ ಬಂದಿದ್ರೆ ಇಳೀತೀನಿ. ಇಲ್ಲಾಂದ್ರೆ ಅವನಿಗೂ ಸುಖ, ನನಗೂ ಸುಖ" ಎಂದಳಂತೆ.

ಹೆಂಡತಿಯ ಒತ್ತಾಯಕ್ಕೆ ಐದೂವರೆಗೇ ಬಂದು ತಮ್ಮ ದರ್ಶನ ಪಡೆದೆ. "ಆರು ಗಂಟೆಯ ಬಸ್ಸು: ವ್ಯತ್ಯಾಸ ಇಪ್ಪತ್ತು ನಿಮಿಷ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ಎಂಥ ಮಿತಭಾಷೆ! ಬೇಗವೋ ತಡವೋ ಎಂಬ ಕ್ಷುಲ್ಲಕ ವಿವರಕ್ಕೆ ತಾವು ಇಳಿಯಲಿಲ್ಲ. ಸಂಖ್ಯೆಯ ಹಿಂದಿರುವ ಕೂಡು ಕಳೆ ಚಿಹ್ನೆಯನ್ನು ಒರೆಸಿ, ದೂರವನ್ನಷ್ಟೇ ಉಳಿಸಿಕೊಳ್ಳುವುದಕ್ಕೆ ನಾವು ನಿರಪೇಕ್ಷ ಮೌಲ್ಯ ಎನ್ನುತ್ತೇವೆ. ಮಕ್ಕಳಿಗೆ ಅದನ್ನು ಕಲಿಸಲು ನಾನು ಹೆಣಗಾಡುತ್ತಿರುವಾಗ ತಾವು ಒಂದೇ ಸಾಲಿನಲ್ಲಿ ಮುಗಿಸಿದಿರಿ. ಆರು ಗಂಟೆಯಿಂದ ಇಪ್ಪತ್ತು ನಿಮಿಷ ದೂರವೆಂದರೆ ಐದು ನಲವತ್ತೂ ಸರಿ, ಆರು ಇಪ್ಪತ್ತೂ ಸರಿ. ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ, ಒಳಗಿದ್ದವರು ತಲೆಯೆತ್ತದೆ, "ಬೋರ್ಡಲ್ಲಿ ಹಾಕಿದೀವಲ್ಲ ಸ್ವಾಮಿ, ಓದ್ಕೊಳ್ಳಿ" ಎಂದರು.

ಓದಿಕೊಂಡೆ. ಈ ಬಸ್ಸು ಹುಟ್ಟಿದಾಗಿನಿಂದ ಬೇಗ ಬಂದದ್ದಿಲ್ಲವಾದ್ದರಿಂದ, ಉತ್ತರ ಎರಡಿದ್ದರೂ ಒಂದನ್ನು ತಳ್ಳಿಹಾಕಬಹುದೆಂದು ತೀರ್ಮಾನಿಸಿದೆ. ಇದೇ ಕೆಲಸ ಮಾಡಿದ ಮಕ್ಕಳಿಗೆ ಸೊನ್ನೆ ಸುತ್ತುವವನು ನಾನೇ. ಅಷ್ಟು ವರ್ಷಗಳ ಮೇಲೆ ಅಕ್ಕನಿಗೆ ಕುರುಚಲು ಗಡ್ಡದ ಮುಖ ತೋರಿಸುವುದೇಕೆಂದು ಎದುರಿನ ಕ್ಷೌರದಂಗಡಿಗೆ ಹೋಗಿ ಕುಳಿತೆ. ಒಂದು ಕೆನ್ನೆ ಮುಗಿದು ಕತ್ತಿ ಇನ್ನೊಂದರ ಕಡೆ ತಿರುಗುವಾಗ, ಐದು ನಲವತ್ತಕ್ಕೆ ಸರಿಯಾಗಿ, ಎದುರಿನ ಕನ್ನಡಿಯಲ್ಲಿ ಬಸ್ಸು ಬಂದು ನಿಂತಿತು.

"ಅಲ್ಲಾಡ್ಬೇಡಿ ಸಾರ್, ಕಿವಿ ಹೋಗುತ್ತೆ!" ಎಂದು ಕ್ಷೌರಿಕ ಕೂಗಿದ. ಕೊರಳಲ್ಲಿ ಬಿಳಿಬಟ್ಟೆ, ಅರ್ಧ ಮುಖದಲ್ಲಿ ನೊರೆ ಹೊತ್ತು ನಾನು ರಸ್ತೆ ದಾಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ಅಕ್ಕ ನಿಲ್ದಾಣವನ್ನೇ ನೋಡುತ್ತಿದ್ದಳು. ಅವಳ ಕೂದಲು ಬೆಳ್ಳಗಾಗಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನ ಕಾಲು ತಾನಾಗಿ ಓಡಿತು, ನನ್ನ ಬಾಯಿ ತಾನಾಗಿ "ಅಕ್ಕಾ!" ಎಂದು ಅರಚಿತು, ನನ್ನ ವಿದ್ಯಾರ್ಥಿಗಳಿಬ್ಬರು ಅದನ್ನು ಕಣ್ತುಂಬ ನೋಡಿದರು.

ಅವಳು ತಿರುಗಿದಳು. ಮೊದಲು ಗಾಬರಿಯಾದಳು, ಆಮೇಲೆ ಗುರುತು ಹಿಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಿಟಕಿಯಿಂದ ತಲೆ ಹೊರಹಾಕಿ, "ಮುಖ ತೊಳ್ಕೊಂಡು ಬಾರೋ! ಮುಂದಿನ ಸ್ಟಾಪಲ್ಲಿ ಇಳೀತೀನಿ!" ಎಂದು ಕೂಗಿದಳು. ತೊಳೆದುಕೊಳ್ಳಲು ವ್ಯವಧಾನವಿರಲಿಲ್ಲ, ಹಾಗೇ ಓಡಿದೆ. ಮುಂದಿನ ನಿಲ್ದಾಣದಲ್ಲಿ ಬ್ಯಾಗಿನ ಮೇಲೆ ಕುಳಿತಿದ್ದವಳು ತನ್ನ ಕರವಸ್ತ್ರದಿಂದ ನನ್ನ ಕೆನ್ನೆ ಒರೆಸುತ್ತ, "ಲೆಕ್ಕದ ಮೇಷ್ಟ್ರಂತೆ!" ಎಂದಳು. ನಾನು ಅತ್ತದ್ದು ಸೋಪು ಕಣ್ಣಿಗೆ ಹೋದದ್ದರಿಂದ.

ಆದಕಾರಣ ತಮ್ಮಲ್ಲಿ ವಿನಂತಿ: ವ್ಯತ್ಯಾಸದ ಜೊತೆಗೆ ದಿಕ್ಕನ್ನೂ ದಯಪಾಲಿಸಬೇಕು, ಅದು ತಮ್ಮ ಘನತೆಗೆ ಕುಂದೆನಿಸಿದರೆ, ಬೇಗ ಬಂದ ಬಸ್ಸು ಹಿಮ್ಮುಖವಾಗಿ ಚಲಿಸಿ ಇನ್ನೊಂದು ಉತ್ತರದ ಹೊತ್ತಿಗೂ ಬರುವಂತೆ ಏರ್ಪಾಡು ಮಾಡಬೇಕು, ಅದೂ ಆಗದಿದ್ದರೆ ತಾವೇ ಕಂಬದಿಂದಿಳಿದು ಬಸ್ಸನ್ನು ಅಡ್ಡಗಟ್ಟಬೇಕು.

ಒಂದು ಕೆನ್ನೆ ನುಣುಪಾಗಿರುವ,
ತಮ್ಮ ವಿಶ್ವಾಸಿ

ತಾ.ಕ.: ತಮ್ಮ ಕಂಬಕ್ಕೆ ಹೊಸದಾಗಿ ಬಣ್ಣ ಬಳಿಯುತ್ತಾರೆಂದು ತಿಳಿದು ಸಂತೋಷವಾಯಿತು. ಕೈತಪ್ಪಿ ತಮ್ಮ ಮುಖದ ಗಾಜಿನ ಮೇಲೂ ಬಳಿದುಬಿಟ್ಟರೆ ಪ್ರಯಾಣಿಕರಿಗೆ ಇನ್ನೂ ಅನುಕೂಲ.